ನಗೆಯ ಜಾಮೀನು: 'ಬ್ರೇನ್‌ಡೆಡ್' ಮತ್ತು ಅದರ ವಿಮರ್ಶಕರು



ಸಿನಿಮಾ ವಿಮರ್ಶೆಯ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದವರ ಮನಸ್ಸಿನಲ್ಲಿ ಸತ್ಯಜಿತ್ ರಾಯ್ ಇದ್ದಿರಬೇಕು, ಇಲ್ಲವೆ ಗಿರೀಶ ಕಾಸರವಳ್ಳಿ. ನಾನು ಆರಿಸಿಕೊಂಡದ್ದು, ಹುಲ್ಲು ಕತ್ತರಿಸುವ ಯಂತ್ರವನ್ನು ಎದೆಯೆತ್ತರಕ್ಕೆ ಹಿಡಿದು, ಎದ್ದು ಓಡಾಡುತ್ತಿರುವ ಒಂದು ಮನೆ ತುಂಬ ಹೆಣಗಳನ್ನು ಕೊಚ್ಚಿ ಹಾಕುವ ಸಂಕೋಚದ ಹುಡುಗನೊಬ್ಬನ ಚಿತ್ರ. ಪೀಟರ್ ಜಾಕ್ಸನ್ 1992ರಲ್ಲಿ ನ್ಯೂಜಿಲೆಂಡಿನಲ್ಲಿ ಮಾಡಿದ 'ಬ್ರೇನ್‌ಡೆಡ್'. ಉಪನ್ಯಾಸದ ನಂತರ ಊಟವಿದೆ ಎಂದು ತಿಳಿಯಿತು. ಹಾಗಾಗಿ ಒಂದು ದೃಶ್ಯವನ್ನು ಮಾತ್ರ ಸ್ವಲ್ಪ ತಗ್ಗಿಸಿ ವಿವರಿಸುತ್ತೇನೆ.

ಗಂಭೀರ ಚಿತ್ರದ ಮುಂದೆ ಕೂತಾಗ ವಿಮರ್ಶಕನ ಓದು, ಪಾಂಡಿತ್ಯ ಎಲ್ಲವೂ ಅವನ ನೆರವಿಗೆ ಬರುತ್ತವೆ. ಹೇಸಿಗೆ ಹುಟ್ಟಿಸುತ್ತಲೇ ನಗಿಸುವ ಚಿತ್ರದ ಮುಂದೆ ಅದೇ ಓದು ಕೈಕೊಡುತ್ತದೆ. ಒಂದೋ ಅವನು ಮೂಗು ಮುಚ್ಚಿಕೊಳ್ಳುತ್ತಾನೆ, ಇಲ್ಲವೆ ತಾನೂ ನಕ್ಕೆ ಎಂದು ನಾಚಿಕೊಂಡು ಒಪ್ಪಿಕೊಂಡು ಅಲ್ಲಿಗೇ ಲೇಖನಿ ಕೆಳಗಿಡುತ್ತಾನೆ. ಕಳೆದ ನಾಲ್ಕು ದಶಕಗಳಲ್ಲಿ ಇಂಥ ಚಿತ್ರಗಳಿಗೆ ಸಿಕ್ಕ ಸ್ವಾಗತವನ್ನು ನೋಡಿದರೆ ನನಗೆ ಕೋರ್ಟಿನ ನೆನಪಾಗುತ್ತದೆ. ಮೊದಲು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದರು. ಆಮೇಲೆ 'ಇದು ತಮಾಷೆ' ಎಂದು ನಗೆಯ ಜಾಮೀನಿನ ಮೇಲೆ ಬಿಟ್ಟರು. ಜಾಮೀನು ಸಿಕ್ಕಿತು ನಿಜ, ವಿಚಾರಣೆ ಮಾತ್ರ ನಡೆಯಲೇ ಇಲ್ಲ. ನನ್ನ ತಕರಾರು ಇಷ್ಟೇ. ಮುಂದಿನದೆಲ್ಲ ಅದರ ಪುರಾವೆ.

ಕಟಕಟೆ ಎಂದದ್ದು ಅಲಂಕಾರಕ್ಕಲ್ಲ, ನಿಜವಾದ ಕಟಕಟೆಯೇ. ಅಮೆರಿಕದ ಮಿಷಿಗನ್ನಿನ ಹುಡುಗ ಸ್ಯಾಮ್ ರೈಮಿ, ಇಪ್ಪತ್ತರ ಹರೆಯದಲ್ಲಿ, ಗೆಳೆಯರ ಜೊತೆ ಸೇರಿ 'ದಿ ಈವಿಲ್ ಡೆಡ್' ಮಾಡಿದ. ಮೊದಲು ಒಂದು ಕಿರುಚಿತ್ರ ಮಾಡಿ ದಂತವೈದ್ಯರಿಗೂ ವಕೀಲರಿಗೂ ತೋರಿಸಿ ಹಣ ಎತ್ತಿದರು. ಟೆನೆಸ್ಸಿಯ ಕಾಡಿನ ಒಂದು ಪಾಳು ಗುಡಿಸಲಲ್ಲಿ 1979–80ರ ಚಳಿಗಾಲದಲ್ಲಿ ಚಿತ್ರೀಕರಣ. ರಕ್ತಕ್ಕೆ ಜೋಳದ ಸಿರಪ್ಪಿಗೆ ಬಣ್ಣ ಬೆರೆಸಿದ ಪಾಕ. 1981ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್ಟಿನಲ್ಲಿ ಮೊದಲ ಪ್ರದರ್ಶನ. ಮರುವರ್ಷ ಕಾನ್‌ನಲ್ಲಿ ಅದನ್ನು ನೋಡಿದ ಕಾದಂಬರಿಕಾರ ಸ್ಟೀಫನ್ ಕಿಂಗ್ ಒಂದು ನಿಯತಕಾಲಿಕದಲ್ಲಿ ಮೆಚ್ಚಿ ಬರೆದರು. ಹಂಚಿಕೆದಾರರಿಗೆ ಆ ಮಾತೇ ಪೋಸ್ಟರಾಯಿತು. ಗಮನಿಸಿ, ಈ ಚಿತ್ರಕ್ಕೆ ದಾರಿ ಮಾಡಿಕೊಟ್ಟದ್ದು ವೃತ್ತಿಪರ ವಿಮರ್ಶಕನಲ್ಲ, ಅದೇ ದಂಧೆಯ ಇನ್ನೊಬ್ಬ ಕಸುಬುದಾರ.

ಬ್ರಿಟನ್ನಿನಲ್ಲಿ ಕತೆ ಬೇರೆ ಹಾದಿ ಹಿಡಿಯಿತು. ಅಲ್ಲಿನ ಸೆನ್ಸಾರ್ ಮಂಡಳಿ 49 ಸೆಕೆಂಡು ಕತ್ತರಿಸಿ ವಯಸ್ಕರ ಪ್ರಮಾಣಪತ್ರ ಕೊಟ್ಟಿತು. ಪ್ಯಾಲೇಸ್ ಪಿಕ್ಚರ್ಸ್ ಕಂಪನಿ 1983ರ ಆರಂಭದಲ್ಲಿ ಚಿತ್ರಮಂದಿರಕ್ಕೂ ವಿಡಿಯೋ ಅಂಗಡಿಗೂ ಅದನ್ನು ಸರಿಸುಮಾರು ಒಟ್ಟಿಗೇ ಬಿಟ್ಟಿತು. ವಿಡಿಯೋಗೆ ಆಗ ಅಲ್ಲಿ ಸೆನ್ಸಾರ್ ಇರಲಿಲ್ಲ. ಪತ್ರಿಕೆಗಳು ಕಿರುಚಿದವು, ನೈತಿಕತೆಯ ಕಾವಲುಗಾರ್ತಿ ಎಂದೇ ಹೆಸರಾಗಿದ್ದ ಮೇರಿ ವೈಟ್‌ಹೌಸ್ ಈ ಚಿತ್ರವನ್ನು ಹೊಲಸು ಕ್ಯಾಸೆಟ್ಟುಗಳ ಪಟ್ಟಿಯಲ್ಲಿ ಮೊದಲನೆಯದು ಎಂದರು, ಪೊಲೀಸರು ಅಂಗಡಿಗಳಿಗೆ ನುಗ್ಗಿದರು. ವಿಚಿತ್ರ ನೋಡಿ: ಚಿತ್ರಮಂದಿರದಲ್ಲಿ ಪ್ರಮಾಣಪತ್ರ ಪಡೆದು ಓಡುತ್ತಿದ್ದ, ಅದೇ ಅಳತೆಗೆ ಕತ್ತರಿಸಿದ ಚಿತ್ರ ಕ್ಯಾಸೆಟ್ಟಿಗೆ ಬಂದೊಡನೆ ಅಶ್ಲೀಲವಾಯಿತು. 1984ರಲ್ಲಿ ಲಂಡನ್ನಿನ ಸ್ನೇರ್ಸ್‌ಬ್ರೂಕ್ ನ್ಯಾಯಾಲಯದಲ್ಲಿ ಪ್ಯಾಲೇಸ್ ಕಂಪನಿ ನಿರ್ದೋಷಿ ಎಂದಾಯಿತು. ಆದರೆ ಅದೇ ವರ್ಷ ವಿಡಿಯೋ ನಿಯಂತ್ರಣದ ಕಾಯಿದೆಯೂ ಬಂತು. 1990ರಲ್ಲಿ ಇನ್ನಷ್ಟು ಕತ್ತರಿಯಾಡಿಸಿಕೊಂಡು ಬಿಡುಗಡೆಯಾದ ಚಿತ್ರ ಇಡಿಯಾಗಿ ಬ್ರಿಟಿಷರ ಕೈ ಸೇರಿದ್ದು 2001ರಲ್ಲಿ.

ಈ ಗಲಾಟೆಯಲ್ಲಿ ನನ್ನ ಕುತೂಹಲ ಕೆರಳಿಸುವುದು ಒಂದು ಪುಟ್ಟ ಸಂಗತಿ. ಪಾರ್ಲಿಮೆಂಟ್ ಸದಸ್ಯರಿಗೆ ಈ ಕ್ಯಾಸೆಟ್ಟುಗಳ ಅಪಾಯವನ್ನು ಮನಗಾಣಿಸಲು ಬೇರೆ ಬೇರೆ ಚಿತ್ರಗಳ ಘೋರ ತುಣುಕುಗಳನ್ನು ಒಂದಕ್ಕೊಂದು ಪೋಣಿಸಿ ಪ್ರದರ್ಶನ ಏರ್ಪಡಿಸಿದ್ದರು. ಭಯಾನಕ ಚಿತ್ರದ ತುಣುಕು ಭಯಾನಕವಾಗಿಯೇ ಉಳಿಯಬಹುದು. ಹಾಸ್ಯದ ತುಣುಕು ಹಾಗಲ್ಲ. ಹಾಸ್ಯ ಇರುವುದು ಕಾಯಿಸುವುದರಲ್ಲಿ, ತಡ ಮಾಡುವುದರಲ್ಲಿ, ಮೂರನೆಯ ಸಲ ಅದೇ ಏಟು ಬೀಳುವಾಗಿನ ಹುಸಿಮುನಿಸಿನಲ್ಲಿ. ಹತ್ತು ನಿಮಿಷದ ಸಿದ್ಧತೆಯನ್ನು ಕಿತ್ತು ಹತ್ತು ಸೆಕೆಂಡಿನ ರಕ್ತವನ್ನಷ್ಟೇ ತೋರಿಸಿದರೆ ಉಳಿಯುವುದು ಕಸಾಯಿಖಾನೆ. ತುಣುಕು ನೋಡಿ ತೀರ್ಪು ಕೊಡುವ ಚಟ ಆ ಸಂಸದರೊಂದಿಗೇ ಮುಗಿಯಲಿಲ್ಲ, ಈಗ ನಮ್ಮೆಲ್ಲರ ಜೇಬಿಗೂ ಬಂದಿದೆ.

ಹಾಗೆಂದು 'ಈವಿಲ್ ಡೆಡ್' ನಿರ್ದೋಷಿ ಕೃತಿಯೇನೂ ಅಲ್ಲ. ಕಾಡಿನ ಬಳ್ಳಿಗಳು ಒಬ್ಬ ಹೆಣ್ಣಿನ ಮೇಲೆರಗಿ ಅತ್ಯಾಚಾರ ಮಾಡುವ ದೃಶ್ಯ ಅದರಲ್ಲಿದೆ. ಸೆನ್ಸಾರ್‌ನವರಿಗೂ ಹೆಚ್ಚು ಕಾಡಿದ್ದು ಅದೇ. ಅದು ಬೇಡವಾಗಿತ್ತು ಎಂದು ಮುಂದೆ ರೈಮಿಯೇ ಹೇಳಿದ್ದುಂಟು. ಅಲ್ಲಿ ನಗೆಯೂ ಇಲ್ಲ, ಭಯಕ್ಕೂ ಅದು ಬೇಕಿಲ್ಲ. ಪ್ರಾಸಿಕ್ಯೂಷನ್ ಎಲ್ಲ ರಕ್ತವನ್ನೂ ಒಂದೇ ಎಂದು ನೋಡಿದ್ದರಿಂದ, ಚಿತ್ರದ ಪರ ವಹಿಸಿದವರೂ ಎಲ್ಲ ರಕ್ತವನ್ನೂ ಒಂದೇ ಎಂದು ಸಮರ್ಥಿಸಬೇಕಾಯಿತು. ಇದು ಬೇಕು, ಇದು ಬೇಡ ಎಂದು ಬಿಡಿಸಿ ಹೇಳುವ ಅವಕಾಶವನ್ನು ಕೋರ್ಟು ವಿಮರ್ಶೆಯಿಂದ ಕಸಿದುಕೊಂಡಿತು.

ನಗೆಯ ಜಾಮೀನು ಮೊದಲು ಸಿಕ್ಕಿದ್ದು ಅಮೆರಿಕದಲ್ಲಿ, ಅದೂ 1985ರಲ್ಲಿ. ಷಿಕಾಗೋದ ರಂಗಭೂಮಿಯಿಂದ ಬಂದ ಸ್ಟುವರ್ಟ್ ಗಾರ್ಡನ್, ಲವ್‌ಕ್ರಾಫ್ಟ್‌ನ ಹಳೆಯ ಕತೆಯೊಂದನ್ನು ಹಿಡಿದು 'ರಿ-ಅನಿಮೇಟರ್' ಮಾಡಿದರು. ಹೊಳೆಯುವ ಹಸಿರು ದ್ರಾವಣ ಚುಚ್ಚಿ ಹೆಣ ಎಬ್ಬಿಸುವ ವೈದ್ಯಕೀಯ ವಿದ್ಯಾರ್ಥಿಯ ಕತೆ. ತನ್ನ ತಲೆಯನ್ನು ತಾನೇ ಟ್ರೇಯಲ್ಲಿ ಹೊತ್ತು ತಿರುಗುವ ಪ್ರೊಫೆಸರೊಬ್ಬ ಅದರ ಖಳನಾಯಕ. 'ನ್ಯೂಯಾರ್ಕರ್'ನ ಪಾಲಿನ್ ಕೇಲ್ ಈ ಚಿತ್ರವನ್ನು ಸಂತೋಷದಿಂದ ಎತ್ತಿಕೊಂಡು ಲೂಯಿ ಬುನ್ಯುಯೆಲ್‌ನ ಹೆಸರನ್ನೇ ಹತ್ತಿರ ತಂದರು. ರೋಜರ್ ಈಬರ್ಟ್ ನಾಲ್ಕರಲ್ಲಿ ಮೂರು ನಕ್ಷತ್ರ ಕೊಟ್ಟರು. 1987ರಲ್ಲಿ ರೈಮಿಯ 'ಈವಿಲ್ ಡೆಡ್ 2' ಬಂದಾಗಲೂ ಅಷ್ಟೇ ಕೊಟ್ಟರು. ಹೆಂಗಸರನ್ನು ಬೆನ್ನಟ್ಟಿ ಕೊಲ್ಲುವ ಚಿತ್ರಗಳ ವಿರುದ್ಧ 1980ರಲ್ಲಿ ಟೆಲಿವಿಷನ್ನಿನಲ್ಲೇ ದನಿ ಎತ್ತಿದ್ದ ವಿಮರ್ಶಕ ಈಬರ್ಟ್. ಕಣ್ಣಳತೆ ತಪ್ಪಿದವರಲ್ಲ. ಕ್ಯಾಮೆರಾ ಯಾರ ಕಡೆ ನಿಂತಿದೆ ಎಂಬುದನ್ನು ಅವರು ನೋಡುತ್ತಿದ್ದರು. ಕೊಲ್ಲುವವನ ಕಣ್ಣಿನಿಂದ ನೋಡುವ ಚಿತ್ರಕ್ಕೂ, ತನ್ನದೇ ಕೈ ತನಗೆ ತಿರುಗಿಬಿದ್ದು ತಟ್ಟೆ ಲೋಟಗಳಿಂದ ತಲೆಗೆ ಬಡಿಯುವಾಗ ಒದ್ದಾಡುವ ನಾಯಕನ ಚಿತ್ರಕ್ಕೂ ಅಜಗಜಾಂತರ. ಎರಡನೆಯದು ಮೂಕಿಚಿತ್ರಗಳ ಕಾಲದ ಬಿದ್ದು ನಗಿಸುವ ಕಲೆ. ರಕ್ತ ಅದರಲ್ಲಿ ಮುಖಕ್ಕೆ ಎಸೆಯುವ ಹೊಸ ಕೇಕು.

ಈಗ ವೆಲಿಂಗ್ಟನ್ನಿಗೆ ಹೋಗೋಣ. ಪೀಟರ್ ಜಾಕ್ಸನ್ ಅಲ್ಲಿನ ದಿನಪತ್ರಿಕೆಯೊಂದರಲ್ಲಿ ಚಿತ್ರದ ಅಚ್ಚು ತಯಾರಿಸುವ ವಿಭಾಗದಲ್ಲಿ ಕೆಲಸಕ್ಕಿದ್ದ ಹುಡುಗ. ವಾರಾಂತ್ಯಗಳಲ್ಲಿ ಗೆಳೆಯರನ್ನು ಕಟ್ಟಿಕೊಂಡು ನಾಲ್ಕು ವರ್ಷ ಎಳೆದು 'ಬ್ಯಾಡ್ ಟೇಸ್ಟ್' ಮುಗಿಸಿದ. ರಬ್ಬರಿನ ಮುಖವಾಡಗಳನ್ನು ಅಮ್ಮನ ಅಡುಗೆಮನೆಯ ಒಲೆಯಲ್ಲೇ ಬೇಯಿಸಿದ. ಕೊನೆಯ ಹಂತಕ್ಕೆ ಸರ್ಕಾರದ ಚಲನಚಿತ್ರ ಆಯೋಗ ಹಣ ಕೊಟ್ಟಿತು. ಹಣ ಕೊಡಿಸಿದ ಅಧಿಕಾರಿ ಜಿಮ್ ಬೂತ್ ಮುಂದೆ ಕೆಲಸ ಬಿಟ್ಟು ಜಾಕ್ಸನ್‌ರ ನಿರ್ಮಾಪಕರೇ ಆದರು. ಸಾರ್ವಜನಿಕರ ತೆರಿಗೆ ಹಣದಲ್ಲಿ ಮಿದುಳು ಚೆಲ್ಲಾಡುವುದೇ ಎಂಬ ಗೊಣಗಾಟ ಅಲ್ಲೂ ಇತ್ತು. ನಮ್ಮ ಸಬ್ಸಿಡಿ ಸಮಿತಿಯಲ್ಲಿ ಕೂತವರು ಇಲ್ಲಿ ಯಾರಾದರೂ ಇದ್ದರೆ ಆ ಗೊಣಗಾಟದ ರಾಗ ಪರಿಚಯವಿರುತ್ತದೆ. ಅಂದಾಜು 30 ಲಕ್ಷ ನ್ಯೂಜಿಲೆಂಡ್ ಡಾಲರಿನ 'ಬ್ರೇನ್‌ಡೆಡ್' ಅದೇ ಆಯೋಗದ ನೆರವಿನಿಂದಲೇ ಆದದ್ದು. ಚಿತ್ರಕತೆಯಲ್ಲಿ ಜಾಕ್ಸನ್ ಜೊತೆ ಫ್ರ್ಯಾನ್ ವಾಲ್ಷ್ ಮತ್ತು ಸ್ಟೀಫನ್ ಸಿಂಕ್ಲೇರ್ ಕೈಯಿದೆ. ರಕ್ತಮಾಂಸದ ಕರಾಮತ್ತಿನಲ್ಲಿ ರಿಚರ್ಡ್ ಟೇಲರ್ ಕೈಯಿದೆ.

ಕತೆ ನಡೆಯುವುದು 1957ರಲ್ಲಿ. ಸುಮಾತ್ರಾ ಬಳಿಯ ಸ್ಕಲ್ ಐಲ್ಯಾಂಡ್ ಎಂಬ ದ್ವೀಪದಿಂದ ಇಲಿಕೋತಿಯೊಂದನ್ನು ಹಿಡಿದು ವೆಲಿಂಗ್ಟನ್ ಮೃಗಾಲಯಕ್ಕೆ ತರುತ್ತಾರೆ. ಬೆಟ್ಟದ ಮೇಲಿನ ದೊಡ್ಡ ಮನೆಯಲ್ಲಿ ವೆರಾ ಎಂಬ ವಿಧವೆ, ಅವಳ ಮಗ ಲಯನೆಲ್. ಅಮ್ಮ ಕೂತುಕೋ ಎಂದರೆ ಕೂರುವ, ಹುಲ್ಲು ಕತ್ತರಿಸು ಎಂದರೆ ಕತ್ತರಿಸುವ ಹುಡುಗ. ಅಂಗಡಿಯ ಸ್ಪ್ಯಾನಿಷ್ ಮನೆತನದ ಹುಡುಗಿ ಪಕೀಟಾ ಅವನನ್ನು ಮೆಚ್ಚುತ್ತಾಳೆ. ಇಬ್ಬರೂ ಮೃಗಾಲಯಕ್ಕೆ ಹೋದಾಗ ತಾಯಿ ಕದ್ದು ಹಿಂಬಾಲಿಸುತ್ತಾಳೆ. ಇಲಿಕೋತಿ ಅವಳನ್ನು ಕಚ್ಚುತ್ತದೆ. ಅವಳು ಅದನ್ನು ಬೂಟಿನ ಹಿಮ್ಮಡಿಯಲ್ಲಿ ಜಜ್ಜುತ್ತಾಳೆ. ಅಲ್ಲಿಂದ ಕೊಳೆತ ಶುರು.

ತಗ್ಗಿಸಿ ಹೇಳುತ್ತೇನೆ ಎಂದ ದೃಶ್ಯ ಇದು. ಊರಿನ ಗಣ್ಯ ಮಹಿಳೆಯರ ಸಂಘದವರು ಊಟಕ್ಕೆ ಬರುತ್ತಾರೆ. ವೆರಾ ಆ ಹೊತ್ತಿಗೆ ಅಕ್ಷರಶಃ ಕಳಚಿ ಬೀಳುತ್ತಿದ್ದಾಳೆ. ಮಗ ಅವಳ ಕೆನ್ನೆಯ ಚರ್ಮವನ್ನು ಅಂಟಿನಿಂದ ಅಂಟಿಸಿ ಮೇಜಿನ ಮುಂದೆ ಕೂರಿಸಿದ್ದಾನೆ. ಗಾಯದಿಂದ ಚಿಮ್ಮಿದ್ದು ಅತಿಥಿಯೊಬ್ಬರ ಕಸ್ಟರ್ಡಿಗೆ ಬೀಳುತ್ತದೆ. ಅವರು ಚಪ್ಪರಿಸುತ್ತಾರೆ. ಕಿವಿ ಉದುರಿ ವೆರಾಳ ಬಟ್ಟಲಿಗೇ ಬೀಳುತ್ತದೆ. ಅವಳು ಅಗಿಯುತ್ತಾಳೆ. ಇನ್ನು ಹೇಳುವುದಿಲ್ಲ. ಈ ದೃಶ್ಯದ ನಿಜವಾದ ಭಯಂಕರ ಸಂಗತಿ ಬೇರೆ: ಮೇಜಿನ ಸುತ್ತ ಕೂತವರು ಮಾತನ್ನು ಮುಂದುವರಿಸುತ್ತಾರೆ. ತಾಯಿ ಕೊಳೆಯುತ್ತಿರುವುದನ್ನು ಎಲ್ಲರೂ ನೋಡಬಲ್ಲರು. ಆದರೆ ನೋಡಿದೆ ಎನ್ನುವುದು ಸಭ್ಯತೆಯಲ್ಲ. ಐವತ್ತರ ದಶಕದ ನ್ಯೂಜಿಲೆಂಡಿನ ಬಿಳಿಯರ ಮಧ್ಯಮವರ್ಗದ ಮೇಲೆ, ಇಂಗ್ಲೆಂಡಿನ ನಕಲಾಗಿ ಬದುಕಲು ಹವಣಿಸುತ್ತಿದ್ದ ಒಂದು ಸಮಾಜದ ಮೇಲೆ, ಇಷ್ಟು ನಿಷ್ಠುರವಾದ ಟೀಕೆ ಬೇರೆ ಚಿತ್ರಗಳಲ್ಲಿ ನನಗೆ ಕಂಡಿಲ್ಲ. ಲಯನೆಲ್ ಸತ್ತವರನ್ನು ಹೂಳುವುದಿಲ್ಲ, ಸಾಯಿಸುವುದೂ ಇಲ್ಲ. ನೆಲಮಾಳಿಗೆಯಲ್ಲಿ ಕೂರಿಸಿ, ಮತ್ತು ಬರಿಸಿ, ಚಮಚದಲ್ಲಿ ಉಣ್ಣಿಸುತ್ತಾನೆ. ನೆರೆಮನೆಯವರಿಗೆ ಗೊತ್ತಾಗಬಾರದು ಅಷ್ಟೆ. ಮರ್ಯಾದಸ್ಥರ ಮನೆಗಳ ನೆಲಮಾಳಿಗೆಯಲ್ಲಿ ಏನಿರುತ್ತದೆ ಎಂಬ ಪ್ರಶ್ನೆಗೆ ನ್ಯೂಜಿಲೆಂಡಿನ ಪಾಸ್‌ಪೋರ್ಟು ಬೇಕಿಲ್ಲ.

ಕೊನೆಯಲ್ಲಿ ಮನೆ ಲಪಟಾಯಿಸಲು ಬಂದ ಮಾವ ಒಂದು ಪಾರ್ಟಿ ಕರೆಯುತ್ತಾನೆ, ನೆಲಮಾಳಿಗೆ ಬಾಯಿ ತೆರೆಯುತ್ತದೆ, ಲಯನೆಲ್ ಹುಲ್ಲಿನ ಯಂತ್ರ ಎತ್ತುತ್ತಾನೆ. ಈ ದೃಶ್ಯಕ್ಕೇ 300 ಲೀಟರ್ ನಕಲಿ ರಕ್ತ ಬಳಸಿದರೆಂಬ ಮಾತು ಚಿತ್ರದ ಹೆಸರಿನ ಜೊತೆಗೇ ಅಂಟಿಕೊಂಡು ಬಂದಿದೆ. ವಿಮರ್ಶೆಗಳು ಆ 300 ಲೀಟರಿನಲ್ಲೇ ಮುಳುಗಿ ಹೋದವು. ಅದರ ನಂತರ ಬರುವುದನ್ನು ಬರೆದವರು ಕಡಿಮೆ. ತಾಯಿ ಮನೆಯ ಗಾತ್ರಕ್ಕೆ ಉಬ್ಬಿ ಬಂದು ಮಗನನ್ನು ತನ್ನ ಹೊಟ್ಟೆಯೊಳಕ್ಕೇ ತುರುಕಿಕೊಳ್ಳುತ್ತಾಳೆ. ಅಪ್ಪ ತನ್ನನ್ನು ಉಳಿಸಲು ಹೋಗಿ ನೀರಿನಲ್ಲಿ ಸತ್ತ ಎಂದು ಮಗ ಇಷ್ಟು ಕಾಲ ನಂಬಿದ್ದು ಸುಳ್ಳು, ಅಪ್ಪನನ್ನೂ ಅವನ ಪ್ರೇಯಸಿಯನ್ನೂ ಮುಳುಗಿಸಿದವಳು ತಾಯಿಯೇ ಎಂಬುದು ಅಷ್ಟರಲ್ಲಿ ಬಯಲಾಗಿರುತ್ತದೆ. ಅವನು ಹೊಟ್ಟೆ ಸೀಳಿಕೊಂಡು ಹೊರಬರುತ್ತಾನೆ. ತನ್ನ ಹೆರಿಗೆಯನ್ನು ತಾನೇ ಮಾಡಿಕೊಂಡ ಮಗ. ಸೂಕ್ಷ್ಮತೆ ಇಲ್ಲ ಎನ್ನಬಹುದು. ಒಪ್ಪುತ್ತೇನೆ. ಆದರೆ ಅರ್ಥವಿಲ್ಲ ಎನ್ನಲಾಗದು.

ಈ ಚಿತ್ರವನ್ನು ಜಗತ್ತು ಹೇಗೆ ಬರಮಾಡಿಕೊಂಡಿತು? ಫ್ರಾನ್ಸಿನ ಆವೊರಿಯಾ ಉತ್ಸವದಲ್ಲಿ 1993ರ ದೊಡ್ಡ ಬಹುಮಾನ. ತಾಯ್ನಾಡಿನ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶಕ. ಜರ್ಮನಿಯಲ್ಲಿ ಮುಟ್ಟುಗೋಲು. ಅಮೆರಿಕದಲ್ಲಿ ಅದೇ ಹೆಸರಿನ ಇನ್ನೊಂದು ಚಿತ್ರ ಇದ್ದುದರಿಂದ 'ಡೆಡ್ ಅಲೈವ್' ಎಂದು ಮರುನಾಮಕರಣ. ವಿಡಿಯೋ ಸರಪಳಿ ಅಂಗಡಿಗಳಿಗಾಗಿ 85 ನಿಮಿಷಕ್ಕೆ ಇಳಿಸಿದ ಒಂದು ಆವೃತ್ತಿಯೂ ಬಂತು. ಮೂಲ 104 ನಿಮಿಷ. ಆ 85 ನಿಮಿಷದ ಆವೃತ್ತಿಯಲ್ಲಿ ರಕ್ತ ಹೋಯಿತು, ರಕ್ತದ ಜೊತೆ ಚಿತ್ರದ ಲಯವೂ ಹೋಯಿತು. ಅದನ್ನು ನೋಡಿ ಬರೆದವರು ಬೇರೆಯೇ ಚಿತ್ರದ ಬಗ್ಗೆ ಬರೆದರು ಎಂದೇ ಲೆಕ್ಕ. ಅಮೆರಿಕದ ಚಿತ್ರಮಂದಿರಗಳಲ್ಲಿ ಗಳಿಕೆ ಎರಡೂವರೆ ಲಕ್ಷ ಡಾಲರ್ ಕೂಡ ಮುಟ್ಟಲಿಲ್ಲ.

ಬ್ರಿಟನ್ನಿನಲ್ಲಿ ಆದದ್ದು ಎಲ್ಲಕ್ಕಿಂತ ಸ್ವಾರಸ್ಯ. ಹತ್ತು ವರ್ಷಗಳ ಹಿಂದೆ 'ಈವಿಲ್ ಡೆಡ್'ಗೆ ಕತ್ತರಿ ಹಾಕಿದ ಅದೇ ಮಂಡಳಿ, ಅದೇ ಮುಖ್ಯಸ್ಥ ಜೇಮ್ಸ್ ಫೆರ್ಮನ್. 'ಬ್ರೇನ್‌ಡೆಡ್'ನ ರಕ್ತ ಎಷ್ಟೋ ಪಾಲು ಹೆಚ್ಚು. ಒಂದು ಚೌಕಟ್ಟನ್ನೂ ಕತ್ತರಿಸದೆ 18ರ ಪ್ರಮಾಣಪತ್ರ ಕೊಟ್ಟರು. ಹದಿನೈದು ವಯಸ್ಸಿನವರೂ ನೋಡಬಹುದಲ್ಲ ಎಂದು ಕೆಲವು ಪರಿಶೀಲಕರಿಗೆ ಅನಿಸಿತ್ತಂತೆ. ಸೆನ್ಸಾರ್‌ನವರು ಹತ್ತು ವರ್ಷದಲ್ಲಿ ಹಾಸ್ಯ ಕಲಿತರು ಎಂದು ಸಂತೋಷಪಡಬಹುದು, ನನಗೂ ಸಂತೋಷವೇ. ಆದರೆ ಅವರು ಬಿಟ್ಟದ್ದು 'ಇದರಲ್ಲಿ ಗಂಭೀರವಾದದ್ದು ಏನೂ ಇಲ್ಲ' ಎಂಬ ನೆಲೆಯಲ್ಲಿ. ಸೆನ್ಸಾರ್‌ನವರಿಗೆ ಅದು ಸಾಕು. ಯಾರಿಗೂ ಕೇಡಾಗದು ಎಂದು ಹೇಳುವುದು ಅವರ ಕೆಲಸ. ವಿಮರ್ಶಕರು ಅದೇ ಸರ್ಟಿಫಿಕೇಟನ್ನು ಎರವಲು ಪಡೆದು ವಿಮರ್ಶೆ ಎಂದು ಅಚ್ಚು ಹಾಕಿಸಿದರು.

ಆ ಕಾಲದ ಮೆಚ್ಚುಗೆಯ ಬರಹಗಳ ಧಾಟಿ ಸುಮಾರಾಗಿ ಒಂದೇ: ಹೊಟ್ಟೆ ಗಟ್ಟಿ ಇದ್ದವರು ನೋಡಿ, ಇಂಥದ್ದು ಇಷ್ಟವಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ, ರಕ್ತ ಎಷ್ಟು ಅತಿ ಎಂದರೆ ನಗದೆ ಗತಿಯಿಲ್ಲ. ಎಚ್ಚರಿಕೆಯೂ ಹೊಗಳಿಕೆಯೂ ಒಂದೇ ಉಸಿರಿನಲ್ಲಿ. ಇದರಲ್ಲಿ ಸುಳ್ಳಿಲ್ಲ. ಆದರೆ ಖಾರ ಎಷ್ಟಿದೆ ಎಂದು ಹೇಳಿ ಅಡುಗೆಯ ಬಗ್ಗೆ ಸುಮ್ಮನಾದ ಹಾಗಿದೆ. 'ಅತಿಯಾದ್ದರಿಂದ ನಗು' ಎಂಬ ಸೂತ್ರವೇ ಸಾಲದು. ಅತಿಯಾದ ರಕ್ತದ ಎಷ್ಟೋ ಚಿತ್ರಗಳು ಆಕಳಿಕೆ ತರಿಸುತ್ತವೆ. ಪಾರ್ಕಿನಲ್ಲಿ ಲಯನೆಲ್ ಜೋಂಬಿ ಕೂಸನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಗಾಳಿಸೇವನೆಗೆ ಹೋಗುವ ದೃಶ್ಯದಲ್ಲಿ ರಕ್ತ ನೆಪಕ್ಕೆ ಮಾತ್ರ. ಚಿತ್ರದಲ್ಲಿ ಜನ ಎದ್ದು ಬಿದ್ದು ನಗುವುದು ಅಲ್ಲೇ. ಕೂಸು ತಪ್ಪಿಸಿಕೊಂಡು ಓಡುತ್ತದೆ, ಅಪ್ಪನ ಸ್ಥಾನದಲ್ಲಿರುವವನು ಮರಕ್ಕೂ ಕಂಬಕ್ಕೂ ಬಡಿದುಕೊಂಡು ಹಿಡಿಯುತ್ತಾನೆ, ಬೆಂಚಿನ ಮೇಲೆ ಕೂತ ತಾಯಂದಿರು ಗಾಬರಿಯಿಂದ ನೋಡುತ್ತಾರೆ. ಬಸ್ಟರ್ ಕೀಟನ್‌ನ ಶಿಷ್ಯ ಮಾಡಿದ ದೃಶ್ಯ ಅದು. ಕ್ಯಾಮೆರಾ ಎಷ್ಟು ದೂರ ನಿಂತಿದೆ, ಯಾವ ಏಟಿಗೆ ಎಷ್ಟು ಹೊತ್ತು ಕಾದಿದೆ, ಸದ್ದು ಎಲ್ಲಿ ಬಿದ್ದಿದೆ ಎಂದು ಬಿಡಿಸಿ ಬರೆದರೆ ಅದೇ ಒಂದು ಪಾಠ. ಕೀಟನ್ ಬಗ್ಗೆ ಹಾಗೆ ಬರೆದವರು ನೂರಾರು. ಜಾಕ್ಸನ್‌ರ ಈ ನಿಮಿಷಗಳ ಬಗ್ಗೆ ಅಷ್ಟು ತಾಳ್ಮೆ ತೋರಿದವರು ವಿರಳ.

ನಮ್ಮ ಕಾವ್ಯಮೀಮಾಂಸೆಗೆ ಇಂಥ ಚಿತ್ರದ ಮುಂದೆ ಏನು ಹೇಳಲು ಇದೆ ಎಂದು ನೋಡುವ ಆಸೆ ನನಗೆ. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ 'ಸಾಹಿತ್ಯದರ್ಪಣ'ದಲ್ಲಿ ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿಗಳು ಎನ್ನುತ್ತಾನೆ. ಮೇಲ್ನೋಟಕ್ಕೆ ಇಲ್ಲಿಗೆ ಕೇಸು ಮುಗಿಯಿತು. ಆದರೆ ಆ ವಿರೋಧಿಗಳ ಪಟ್ಟಿಯಲ್ಲಿ ಬೀಭತ್ಸ ಇಲ್ಲ. ಭರತ ಬೀಭತ್ಸದಲ್ಲೇ ಬಗೆಗಳನ್ನು ಕಾಣುತ್ತಾನೆ: ನೆತ್ತರು ಕರುಳುಗಳಿಂದ ಹುಟ್ಟುವ ಕ್ಷೋಭಜ ಒಂದು, ಹೊಲಸು ಹುಳುಗಳಿಂದ ಹುಟ್ಟುವ ಉದ್ವೇಗಿ ಇನ್ನೊಂದು. ಕಸ್ಟರ್ಡಿನ ದೃಶ್ಯ ಉದ್ವೇಗಿ, ಹುಲ್ಲಿನ ಯಂತ್ರದ ದೃಶ್ಯ ಕ್ಷೋಭಜ. ಜಾಕ್ಸನ್ ಭರತನನ್ನು ಓದಿದ್ದರು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ವರದಿ ಮಾಡಬೇಡಿ. ಅಮೆರಿಕದ ತತ್ತ್ವಶಾಸ್ತ್ರಜ್ಞ ನೋಯೆಲ್ ಕ್ಯಾರಲ್ 1999ರ ಲೇಖನವೊಂದರಲ್ಲಿ ಹೆಚ್ಚುಕಡಿಮೆ ಇದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಭಯಾನಕದ ಭೂತವೂ ಹಾಸ್ಯದ ವಿದೂಷಕನೂ ವರ್ಗ ಮೀರಿದ ಜೀವಿಗಳೇ. ಅಪಾಯ ತೆಗೆದರೆ ಭೂತ ನಗೆಯ ಕಡೆ ವಾಲುತ್ತದೆ, ಅಪಾಯ ಸೇರಿಸಿದರೆ ವಿದೂಷಕ ಭೂತವಾಗುತ್ತಾನೆ. 'ಬ್ರೇನ್‌ಡೆಡ್' ಮಾಡುವುದು ಇದನ್ನೇ. ಭಯವನ್ನು ಬೇಗ ಹೊರಗೆ ಕಳಿಸುತ್ತದೆ, ಹೇಸಿಗೆಯನ್ನು ಉಳಿಸಿಕೊಳ್ಳುತ್ತದೆ. ಹೇಸಿಗೆಗೂ ನಗೆಗೂ ವೈರವಿಲ್ಲ.

ವೈರವಿಲ್ಲ ಎಂದು ತಿಳಿಯಲು ವೆಲಿಂಗ್ಟನ್ನಿಗೆ ಹೋಗಬೇಕಾಗಿಯೂ ಇಲ್ಲ. ರನ್ನನ ದುರ್ಯೋಧನ ಕುರುಕ್ಷೇತ್ರದಲ್ಲಿ ಹೆಣಗಳ ಮೇಲೆ, ನೆತ್ತರ ಮಡುಗಳ ನಡುವೆ ತಡವರಿಸುತ್ತ ನಡೆಯುವಾಗ ಮರುಳುಗಳು ಅವನನ್ನು ಹಂಗಿಸುತ್ತವೆ. ಹೆಣ ತಿನ್ನುವವರು ಚಕ್ರವರ್ತಿಯನ್ನು ಗೇಲಿ ಮಾಡುವ ಆ ಪ್ರಸಂಗವನ್ನು ನಾವು ಬೀಭತ್ಸದ ಉದಾಹರಣೆ ಎಂದು ಓದಿಸುತ್ತೇವೆ, ಅದರ ನಗೆಯನ್ನು ಅಡಿಟಿಪ್ಪಣಿಗೆ ತಳ್ಳುತ್ತೇವೆ. ನಮ್ಮ ಪಂಡಿತರೂ ಆ ಮಟ್ಟಿಗೆ ಆಂಗ್ಲ ವಿಮರ್ಶಕರ ಅಣ್ಣತಮ್ಮಂದಿರೇ. ಭರತ ಹಾಸ್ಯಕ್ಕೆ ಅಧಿದೇವತೆಗಳೆಂದು ಹೇಳಿದ್ದು ಪ್ರಮಥರನ್ನು, ಶಿವನ ಹಿಂದೆ ಕುಣಿಯುವ ಆ ಭೂತಗಣವನ್ನು. ಬೇರೆ ಯಾರನ್ನಾದರೂ ಹೇಳಬಹುದಿತ್ತು.

ಪ್ಯಾರಿಸ್ಸಿನ ಗ್ರಾಂಗಿನ್ಯೋಲ್ ರಂಗಮಂದಿರ ಈ ಗುಟ್ಟನ್ನು ಬೇರೆ ರೀತಿಯಲ್ಲಿ ಬಳಸಿತು. 1897ರಿಂದ 1962ರವರೆಗೆ ನಡೆದ ಆ ಪುಟ್ಟ ಥಿಯೇಟರಿನಲ್ಲಿ ಒಂದೇ ಸಂಜೆ ರಕ್ತದ ನಾಟಕ, ಪ್ರಹಸನ, ಮತ್ತೆ ರಕ್ತದ ನಾಟಕ ಹೀಗೆ ಬಿಸಿನೀರು ತಣ್ಣೀರಿನಂತೆ ಸರದಿಯಲ್ಲಿ ಸುರಿಯುತ್ತಿದ್ದರು. ಅಲ್ಲಿ ಒಂದಾದ ಮೇಲೆ ಇನ್ನೊಂದು. ರೈಮಿ, ಗಾರ್ಡನ್, ಜಾಕ್ಸನ್ ಮಾಡಿದ ಹೊಸ ಕೆಲಸ ಎರಡು ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿದ್ದು.

1994ರಲ್ಲಿ ಜಾಕ್ಸನ್ 'ಹೆವನ್ಲಿ ಕ್ರೀಚರ್ಸ್' ಮಾಡಿದರು. ವೆನಿಸ್ಸಿನಲ್ಲಿ ಬೆಳ್ಳಿ ಸಿಂಹ, ಚಿತ್ರಕತೆಗೆ ಆಸ್ಕರ್ ನಾಮನಿರ್ದೇಶನ. ರಕ್ತದ ಹುಡುಗಾಟ ಬಿಟ್ಟು ನಿರ್ದೇಶಕ ಪ್ರಬುದ್ಧನಾದ ಎಂದು ವಿಮರ್ಶಕರು ನಿಟ್ಟುಸಿರು ಬಿಟ್ಟರು. ಆ ಚಿತ್ರದ ವಸ್ತು ಏನು? 1954ರ ಕ್ರೈಸ್ಟ್‌ಚರ್ಚ್, ಒಬ್ಬ ಹುಡುಗಿ ಗೆಳತಿಯ ಜೊತೆ ಸೇರಿ ತನ್ನ ತಾಯಿಯನ್ನು ಕೊಂದ ನಿಜ ಘಟನೆ. ಅದೇ ದಶಕ, ಅದೇ ಉಸಿರುಗಟ್ಟಿಸುವ ಸಭ್ಯತೆ, ಮತ್ತೆ ತಾಯಿಯಿಂದ ಬಿಡಿಸಿಕೊಳ್ಳಲಾಗದ ಮಗು. ಎರಡು ವರ್ಷದಲ್ಲಿ ಮಾಡಿದ ಎರಡು ಚಿತ್ರ, ಚಿತ್ರಕತೆಗೆ ಎರಡರಲ್ಲೂ ಫ್ರ್ಯಾನ್ ವಾಲ್ಷ್. ಪಕ್ಕಪಕ್ಕ ಇಟ್ಟು ನೋಡಿದರೆ ಜಿಗಿತ ಕಾಣುವುದಿಲ್ಲ, ಮುಂದುವರಿಕೆ ಕಾಣುತ್ತದೆ. ಮೊದಲನೆಯದರಲ್ಲಿ ನಗು ಇದ್ದುದರಿಂದ ವಸ್ತುವೇ ಇಲ್ಲ ಎಂದುಕೊಂಡವರಿಗೆ ಎರಡನೆಯದು ಆಕಾಶದಿಂದ ಉದುರಿದಂತೆ ಕಂಡಿತು.

ಆಮೇಲೆ 'ಲಾರ್ಡ್ ಆಫ್ ದಿ ರಿಂಗ್ಸ್', 2004ರಲ್ಲಿ ಒಂದೇ ರಾತ್ರಿ ಹನ್ನೊಂದು ಆಸ್ಕರ್. ಆಗ ಹಳೆಯ 'ಬ್ರೇನ್‌ಡೆಡ್'ಗೆ ಹೊಸ ಗೌರವ ಬಂತು. ಮಹಾನುಭಾವರ ಬಾಲಲೀಲೆ ಎಂಬಂಥ ಗೌರವ. ಸ್ಕಲ್ ಐಲ್ಯಾಂಡಿನ ಆರಂಭದ ದೃಶ್ಯ ಚಿತ್ರೀಕರಿಸಿದ ಪುಟಾಂಗಿರುವಾ ಕಲ್ಲುಗಂಬಗಳ ಕಣಿವೆಯೇ ಮೂರನೆಯ 'ರಿಂಗ್ಸ್' ಚಿತ್ರದಲ್ಲಿ ಸತ್ತವರ ಹಾದಿಯಾಯಿತು ಎಂದು ಅಭಿಮಾನಿಗಳು ತೋರಿಸಿದರು, ಟೇಲರ್ ಆಸ್ಕರ್ ಗೆದ್ದರು ಎಂದು ಬರೆದರು. ಎಲ್ಲ ನಿಜ. ಆದರೆ ಇದು ಇನ್ನೊಂದು ಬಗೆಯ ಜಾಮೀನು, ಈ ಸಲ ಕೊಟ್ಟವನು ಶ್ರೀಮಂತ ಬಂಧು. ನನ್ನ ಮಟ್ಟಿಗೆ 'ಬ್ರೇನ್‌ಡೆಡ್' ಆ ಬೃಹತ್ ಚಿತ್ರಗಳ ಹಲವು ಗಂಟೆಗಳಿಗಿಂತ ಹೆಚ್ಚು ಹದವಾದ ಕೆಲಸ. ಇದನ್ನು ಸಭೆಯಲ್ಲಿ ಹೇಳುವುದು ಅಪಾಯ ಎಂದು ಗೊತ್ತು.

ಕೊನೆಗೆ ಜಾಮೀನಿನ ನಿಜವಾದ ನಷ್ಟಕ್ಕೆ ಬರುತ್ತೇನೆ. ವಿಚಾರಣೆ ನಡೆಯದಿದ್ದರೆ ಮೆಚ್ಚುವುದು ಮಾತ್ರ ತಪ್ಪಿಹೋಗುವುದಿಲ್ಲ, ತಪ್ಪು ಹಿಡಿಯುವುದೂ ತಪ್ಪಿಹೋಗುತ್ತದೆ. 'ಬ್ರೇನ್‌ಡೆಡ್'ನ ಆರಂಭದಲ್ಲಿ ಸ್ಕಲ್ ಐಲ್ಯಾಂಡಿನ ಮೂಲನಿವಾಸಿಗಳಿದ್ದಾರೆ. ಈಟಿ ಹಿಡಿದು ಕಿರುಚುವ, ಹೆಸರಿಲ್ಲದ, ಭಾಷೆಯಿಲ್ಲದ ಗುಂಪು. ಹಳೆಯ ಸಾಹಸ ಚಿತ್ರಗಳ ಅಣಕ ಎಂದು ಸಮರ್ಥಿಸಬಹುದು. ಅಣಕದ ಏಟು ಬಿಳಿಯ ಅನ್ವೇಷಕನ ಮೇಲೂ ಬೀಳುತ್ತದೆ. ಕೋತಿ ಕಚ್ಚಿದ್ದಕ್ಕೆ ಅವನ ಕೈ, ತೋಳು, ಕೊನೆಗೆ ತಲೆ ಹೋಗುತ್ತದೆ. ಆದರೆ ವೆರಾಳ ಊಟದ ಮೇಜಿನ ಸುತ್ತ ಕೂತ ಒಬ್ಬೊಬ್ಬರಿಗೂ ಇರುವ ವಿವರ, ನಡೆ, ನುಡಿ ಆ ದ್ವೀಪದವರಲ್ಲಿ ಒಬ್ಬರಿಗೂ ಇಲ್ಲ. ತನ್ನ ಜನರನ್ನು ಕತ್ತರಿಸಲು ಜಾಕ್ಸನ್ ಸೂಕ್ಷ್ಮವಾದ ಚಾಕು ಬಳಸಿದರು, ಪರರಿಗೆ ಕೊಡಲಿ ಸಾಕು ಎಂದುಕೊಂಡರು. 1992–93ರ ಮೆಚ್ಚುಗೆಯ ಬರಹಗಳು ಈ ಬಗ್ಗೆ ಹೆಚ್ಚುಕಡಿಮೆ ಬಾಯಿ ಬಿಡಲಿಲ್ಲ. ಎಲ್ಲ ತಮಾಷೆ ತಾನೆ.

ಹದಿಮೂರು ವರ್ಷದ ನಂತರ, 2005ರಲ್ಲಿ, ಜಾಕ್ಸನ್ ಅದೇ ದ್ವೀಪಕ್ಕೆ ವಾಪಸು ಹೋದರು, 'ಕಿಂಗ್ ಕಾಂಗ್' ಮಾಡಲು. ಬಾಲ್ಯದಲ್ಲಿ ಅವರನ್ನು ಸಿನಿಮಾಕ್ಕೆ ಎಳೆದ ಚಿತ್ರದ ಮರುಸೃಷ್ಟಿ ಅದು. ಈ ಸಲ ನಗೆ ಇಲ್ಲ, ಭಾರೀ ಬಜೆಟ್ಟು, ಗಂಭೀರ ಸಂಗೀತ. ದ್ವೀಪದವರು ಮಾತ್ರ ಹಳೆಯ ದ್ವೀಪದವರೇ, ಇನ್ನಷ್ಟು ಕ್ರೂರಿಗಳಾಗಿ. ಆಗ ಹಲವು ವಿಮರ್ಶಕರಿಗೆ ಕಣ್ಣು ಕುಕ್ಕಿತು. ಇದು ಜನಾಂಗೀಯ ವ್ಯಂಗ್ಯಚಿತ್ರವಲ್ಲವೇ ಎಂದು ಕೇಳಿದರು, ಸರಿಯಾಗಿಯೇ ಕೇಳಿದರು. ಅದೇ ಪ್ರಶ್ನೆಯನ್ನು ಮೊದಲ ಸಲವೇ ಕೇಳಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ, ನಗುತ್ತಿದ್ದರು ಎಂಬುದೊಂದನ್ನು ಬಿಟ್ಟು.